ಕೋಟೆಯಿಂದ ಇಳಿಯುವ ತಂಬಿಗೆ

ರಾಯದುರ್ಗದ ಬೆಟ್ಟಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಕೋಟೆ ಬಾಗಿಲು ದಾಟಿ ನಾನು ಏದುಸಿರು ಬಿಡುತ್ತ ಮೇಲೆ ತಲುಪುವಷ್ಟರಲ್ಲಿ ಪಂಚಾಕ್ಷರಯ್ಯನವರು ದೊಣೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆಯ ಪಂಚೆಯ ತುಂಡಿನಲ್ಲಿ ನೀರು ಸೋಸುತ್ತಿದ್ದಾರೆ. ದೊಣೆ ಎಂದರೆ ಬಂಡೆಯ ಮಡಿಲಲ್ಲಿ ಮಳೆನೀರು ನಿಲ್ಲುವ ಹೊಂಡ. ಮೊದಲ ಗುಟುಕು ತಾವೇ ಕುಡಿದು, ಬಾಯಿ ಚಪ್ಪರಿಸಿ, ತಾಮ್ರದ ತಂಬಿಗೆ ತುಂಬಿಸುತ್ತಾರೆ.

“ನನಗ ರುಚಿ ಹತ್ತಿದ್ರ ಏನ್ ಬಂತ್ರಿ? ಮನ್ಯಾಗ ಆಕಿ ಹೂಂ ಅನ್ನಬೇಕಲ್ಲ.”

ಆಕೆ ಎಂದರೆ ಮಡದಿ ಬಸವರಾಜೇಶ್ವರಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರಿಗೆ ಬೆಟ್ಟ ಹತ್ತಲಾಗಿಲ್ಲ. ಅಂದಿನಿಂದ ದೊಣೆಯ ನೀರೇ ತಂಬಿಗೆಯಲ್ಲಿ ಕೂತು ಅವರ ಬಳಿಗೆ ಇಳಿದು ಹೋಗುತ್ತಿತ್ತು.

ಸಂಜೆ ಬೆಟ್ಟದ ಬುಡದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಗಾಡಿ ಹಾಕುವ ಪಂಚಾಕ್ಷರಯ್ಯ ಬೆಳಗಿನ ಹೊತ್ತು ಮಾತ್ರ ಕೋಟೆಯ ಆಳು. ಯಾರೂ ನೇಮಿಸಿದ್ದಲ್ಲ, ಸಂಬಳವೂ ಇಲ್ಲ. ತಂದೆ ದೊಣೆಯ ಹೂಳು ತೆಗೆಯುತ್ತಿದ್ದರು, ಇವರೂ ತೆಗೆಯುತ್ತಾರೆ. ಹಿಂದೆಲ್ಲ ಕೋಟೆ ನೋಡಲು ಬಂದವರು ಇಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಇವರ ಓಣಿಯ ಹೊಸ ಜೋಡಿಗಳಂತೂ ಬೆಟ್ಟ ಹತ್ತಿ, ಒಬ್ಬರ ಬೊಗಸೆಯಿಂದ ಇನ್ನೊಬ್ಬರು ಈ ನೀರು ಕುಡಿದೇ ಇಳಿಯಬೇಕಿತ್ತು.

“ನಮ್ದೂ ಇಲ್ಲೇ ಆತ್ರಿ. ಆಕಿ ಗುಮ್ಮಘಟ್ಟದಾಕಿ, ಬೆಟ್ಟ ಹತ್ತಿದ ರೂಢಿ ಇಲ್ಲ. ಬಾಯಿ ಒಣಗಿತ್ತು. ನಾಚಿಗಿ ಬಿಟ್ಟು ನನ್ನ ಬೊಗಸಿ ಮತ್ತ ಮತ್ತ ತುಂಬಿಸಿ ಕುಡದ್ಲು. ಬೀಗರೆಲ್ಲ ನಕ್ಕಿದ್ದೇ ನಕ್ಕಿದ್ದು!” ಈ ವಯಸ್ಸಿನಲ್ಲೂ ಹೇಳುವಾಗ ಅವರ ಮುಖ ರಂಗೇರುತ್ತದೆ.

ಹಾಗೆ ಬೊಗಸೆ ಒಡ್ಡುವವರು ಈಗ ಇಲ್ಲವೆಂಬುದು ನನಗೂ ಸಂಕಟವೇ. ಬರುವವರೇನೋ ಬರುತ್ತಾರೆ. ಬಾಟಲಿ ಹಿಡಿದು ಬಂದು, ಫೋಟೊ ತೆಗೆದು, ಖಾಲಿ ಬಾಟಲಿಯನ್ನು ದೊಣೆಗೇ ಎಸೆದು ಹೋಗುತ್ತಾರೆ. ಚೀಲದಿಂದ ಇಣುಕುತ್ತಿದ್ದ ನನ್ನ ಬಾಟಲಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿಕೊಳ್ಳುತ್ತೇನೆ.

ಹೋದ ವರ್ಷದ ಜೋರು ಮಳೆಗೆ ಕೆಸರು, ಕಸ ಎಲ್ಲ ಸೇರಿ ದೊಣೆ ನಾರತೊಡಗಿತು. ಅದನ್ನು ಹೆಂಡತಿಗೆ ಹೇಳಲು ಪಂಚಾಕ್ಷರಯ್ಯನವರಿಗೆ ಬಾಯಿ ಬರಲಿಲ್ಲ. ಎಂದಿನಂತೆ ಬೆಟ್ಟ ಹತ್ತಿ ಇಳಿದವರು, ಬೀದಿ ನಲ್ಲಿಯಲ್ಲಿ ತಂಬಿಗೆ ತುಂಬಿಸಿ ಕೊಟ್ಟುಬಿಟ್ಟರು.

“ಒಂದು ಗುಟುಕು ಕುಡದ್ಲು. ತಂಬಿಗಿ ಹಂಗೇ ಕೆಳಗಿಟ್ಲು. ‘ಕ್ವಾಟಿ ನೀರು ಬಂದಾಗ ಕೊಡ್ರಿ, ಕುಡೀತೀನಿ’ ಅಂದ್ಲು, ಅಷ್ಟ. ಬೈದಿದ್ರ ಹಗುರ ಆಗ್ತಿತ್ರಿ.”

ಆಮೇಲೆ ತಂಬಿಗೆ ಇಳಿಯಲಿಲ್ಲ. ಬೇಸಿಗೆಯಲ್ಲಿ ದೊಣೆ ಬತ್ತಿದಾಗ ಒಬ್ಬರೇ ಒಳಗಿಳಿದು, ದಿನಕ್ಕೆ ಹತ್ತು ಹನ್ನೆರಡು ಬುಟ್ಟಿ ಹೂಳು ಹೊತ್ತು ಹಾಕಿದರು. ಅದಕ್ಕಿಂತ ಹೆಚ್ಚಿಗೆ ಬೆನ್ನು ಒಪ್ಪುತ್ತಿರಲಿಲ್ಲ. ತಳದ ಕಲ್ಲು ಕಂಡ ದಿನ ಅದನ್ನು ತೆಂಗಿನ ನಾರಿನಿಂದ ಉಜ್ಜಿದರಂತೆ. ಮೊನ್ನೆ ಮಳೆ ಬಿತ್ತು, ಇಂದು ನೀರು ತಿಳಿಯಾಗಿದೆ.

“ಯಾರರ ಒಂದು ಹೊಸ ಜೋಡಿ ಬಂದು ಕುಡದ್ರ ಸಾಕ್ರಿ, ನನಗ ಇನ್ನೇನು ಬ್ಯಾಡ” ಎನ್ನುತ್ತ ಇಳಿಯುತ್ತಾರೆ. ತುಳುಕದಂತೆ ಒಂದು ಅಂಗೈ ತಂಬಿಗೆಯ ಬಾಯಿಗೆ ಮುಚ್ಚಿದ್ದಾರೆ. ನಾನೂ ಅವರ ಹಿಂದೆ ಮನೆಯವರೆಗೆ ಹೆಜ್ಜೆ ಹಾಕುತ್ತೇನೆ.

ಮನೆಯ ಪಡಸಾಲೆಯಲ್ಲಿ, ಮಂಚದ ಮೇಲೆ ದಿಂಬಿಗೆ ಒರಗಿ ಬಸವರಾಜೇಶ್ವರಿ ಕೂತಿದ್ದಾರೆ. “ಮತ್ತ ನಲ್ಲಿದೇನ್ರಿ?” ಎಂದು ಕೆಣಕಿ, ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ಪಂಚಾಕ್ಷರಯ್ಯನವರು ನಿಂತೇ ಇದ್ದಾರೆ.

ನೀರು ಗಂಟಲಿಳಿಯುತ್ತದೆ. ಬಸವರಾಜೇಶ್ವರಿ ಹೂಂ ಅನ್ನುವುದಿಲ್ಲ. ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಗಂಡನ ಕಡೆ ತಿರುಗುತ್ತಾರೆ.

“ಯಾಕ ಸುಮ್ನ ನಿಂತ್ರಿ? ಬೊಗಸಿ ಹಿಡೀರಿ.”

ಪಂಚಾಕ್ಷರಯ್ಯನವರು ನನ್ನನ್ನೊಮ್ಮೆ ನೋಡಿ, ನಾಚುತ್ತಲೇ ಎರಡೂ ಕೈ ಜೋಡಿಸಿ ಮಡದಿಯ ಬಾಯಿಯ ಹತ್ತಿರ ಒಡ್ಡುತ್ತಾರೆ. ನಾನು ತಂಬಿಗೆ ಬಗ್ಗಿಸುತ್ತೇನೆ.