ಎಲ್ಲವ್ವ ಎಂಬ ಹೆಸರು ಕಂಪ್ಯೂಟರಿನಲ್ಲಿರಲಿಲ್ಲ

ಕೋವಿಡ್ಡಿನ ಅಬ್ಬರ ಇಳಿದ ಮೇಲಿನ ಮಾತು. ದೇವದುರ್ಗ ತಾಲ್ಲೂಕಿನ ಒಂದು ಆಸ್ಪತ್ರೆಯಲ್ಲಿ ನಾನು ಹೆರಿಗೆ ತಜ್ಞೆ. ಅದೇ ನನ್ನ ಕೊನೆಯ ಪೋಸ್ಟಿಂಗ್. ಇನ್ನು ಮೇಲೆ ಪ್ರತಿ ರೋಗಿಯ ವಿವರವೂ ಕಂಪ್ಯೂಟರಿನಲ್ಲೇ ಇರಬೇಕೆಂಬ ಆದೇಶ ನಮ್ಮಲ್ಲಿಗೆ ಬಂದದ್ದು ಆಗಲೇ. ಮೊಬೈಲ್ ನಂಬರಿನ ಮೇಲೆ ಒಬ್ಬೊಬ್ಬರಿಗೆ ಒಂದು ಹೆಲ್ತ್ ಐಡಿ. ಬೇರೆ ಆಸ್ಪತ್ರೆಗೆ ಹೋದಾಗ ಆ ನಂಬರಿಗೆ ಬರುವ ಓಟಿಪಿ ಹೇಳಿದರೆ ಸಾಕು, ಹಳೆಯ ದಾಖಲೆ ವೈದ್ಯರ ಮುಂದೆ ತೆರೆದುಕೊಳ್ಳುತ್ತದೆ. ಒಳ್ಳೆಯ ಯೋಜನೆಯೇ, ಸುಳ್ಳು ಯಾಕೆ ಹೇಳಲಿ? ಚೀಟಿಗಳ ಚೀಲವನ್ನು ಬಸ್ಸಿನಲ್ಲಿ ಮರೆತು ಬಂದು ಅತ್ತವರನ್ನು ನಾನೇ ನೋಡಿದ್ದೇನೆ.

ಆದರೆ ಆ ಮಾನಿಟರ್ ನನ್ನ ಮೇಜಿನ ಮೇಲೆ ಬಂದು ಕೂತ ದಿನದಿಂದ ನಾನು ಒಂಟಿಯಾದೆ. ಮೊದಲೆಲ್ಲ ಹೆಂಗಸರು ಸ್ಟೂಲಿನ ಮೇಲೆ ಕೂತರೆ ಹೊಟ್ಟೆನೋವಿನಿಂದ ಶುರುಮಾಡಿ ಅತ್ತೆಯ ಕಾಟದವರೆಗೆ ಹೇಳಿಯೇ ಏಳುತ್ತಿದ್ದರು. ‘ಸಾಕು ಬಿಡವ್ವಾ, ಹೊರಗ ಪಾಳಿ ಉದ್ದ ಅದ’ ಎಂದು ಗದರುತ್ತಿದ್ದೆ. ಈಗ ನಾನೇ ಕೇಳಿದರೂ ಒಂದೇ ಉತ್ತರ: “ಎಲ್ಲಾ ಕಂಪ್ಯೂಟರ್‌ನಾಗ ಅದಲ್ರೀ.” ನೋಂದಣಿ ಕೌಂಟರಿನಲ್ಲಿ ಹಾಗೆ ಹೇಳಿ ಕಳಿಸುತ್ತಿದ್ದರು, ಜನ ನಂಬಿದರು. ನನಗೆ ಗಂಡ ತೀರಿಕೊಂಡಿದ್ದರು, ಮಕ್ಕಳಿಲ್ಲ. ದಿನದಲ್ಲಿ ನನ್ನ ಜೊತೆ ಮಾತಾಡುತ್ತಿದ್ದವರೆಂದರೆ ರೋಗಿಗಳು ಮಾತ್ರ. ಆ ಮಾತೂ ನಿಂತಿತು.

ಹೀಗೇ ಒಂದೆರಡು ವರ್ಷ ಕಳೆದಿರಬೇಕು, ಒಂದು ಮುಂಜಾನೆ ಗಬ್ಬೂರಿನ ಕಡೆಯಿಂದ ಮಹಾದೇವಿ ಎಂಬ ತುಂಬು ಗರ್ಭಿಣಿಯನ್ನು ಅವಳ ಅತ್ತೆ ಕರೆತಂದರು. ನೋವು ಶುರುವಾಗಿತ್ತು, ಮಗುವಿನ ಎದೆಬಡಿತ ಇಳಿಯುತ್ತಿತ್ತು. ಸಿಸೇರಿಯನ್ ಮಾಡಲೇಬೇಕಿತ್ತು. ಪರದೆ ನೋಡಿದೆ: ಹಿಂದಿನ ಹೆರಿಗೆ ಇಲ್ಲ, ಔಷಧಿಯ ಅಲರ್ಜಿ ಇಲ್ಲ. ಅಲರ್ಜಿಯ ಕಾಲಂ ಖಾಲಿ ಬಿಟ್ಟರೆ ಆ ಸಾಫ್ಟ್‌ವೇರ್ ಮುಂದಕ್ಕೇ ಹೋಗುವುದಿಲ್ಲ. ಕೌಂಟರಿನವರು ‘ಇಲ್ಲ’ ಎಂದು ಒತ್ತಿಬಿಡುತ್ತಾರೆ. ಹೊಟ್ಟೆ ನೋಡಿದರೆ ಹಳೆಯ ಹೊಲಿಗೆಯ ಗುರುತು ಕಣ್ಣಿಗೆ ಹೊಡೆಯುವಂತಿತ್ತು!

“ಮೊದಲನೇದು ಎಲ್ಲಿ ಆಗ್ಯದ?” ಎಂದೆ.

“ಚೊಚ್ಚಲ ಹೆರಿಗಿ ತವರಮನ್ಯಾಗ ಅಲ್ಲೇನ್ರೀ?” ಎಂದರು ಅತ್ತೆ. “ನೀರಮಾನ್ವಿ ಅವರದು. ಮಾನ್ವಿ ದವಾಖಾನ್ಯಾಗ ಮಾಡಿಸ್ಯಾರ. ಕಂಪ್ಯೂಟರ್‌ನಾಗ ಹಾಕ್ಯಾರಂತ, ಒತ್ತಿ ನೋಡ್ರಿ.”

ಒತ್ತಿದರೆ ಎಲ್ಲಿ ಸಿಗಬೇಕು? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಸೊಸೆಯ ಹೆಸರು ಬದಲಾಗುತ್ತದೆ. ಅದು ತಟ್ಟನೆ ನೆನಪಾಗಿ, ಕುರ್ಚಿಯನ್ನು ಮಾನಿಟರಿನಿಂದ ತಿರುಗಿಸಿ ಅವಳನ್ನೇ ಕೇಳಿದೆ: “ತವರಮನ್ಯಾಗ ನಿನ್ನ ಏನಂತ ಕರೀತಿದ್ರವ್ವಾ?”

ಅವಳು ಅತ್ತೆಯ ಮುಖ ನೋಡಿದಳು. “ಆ ಹೆಸರು ಈಗ್ಯಾಕ ಬೇಕ್ರೀ? ನಾವು ಬದ್ಲು ಮಾಡೀವಿ” ಎಂದರು ಅತ್ತೆ. ನನಗೆ ಸಿಟ್ಟು ನೆತ್ತಿಗೇರಿತು. “ನೀವು ಸ್ವಲ್ಪ ಹೊರಗ ಕುಂದರ್ರಿ” ಎಂದು ಕಳಿಸಿದೆ.

“ಎಲ್ಲವ್ವ ರೀ” ಎಂದಳು ಆಗ. “ನಮ್ಮಪ್ಪ ಒಬ್ಬನ ಕರೀತಿದ್ದ. ಅಂವ ಹೋದ.”

ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂದುಬಿಟ್ಟಿತು: “ನನಗೂ ಎರಡು ಹೆಸರು. ನಾನು ಮಟಮಾರಿ ಊರಿನ ಗಂಗವ್ವ. ಸಾಲಿಗೆ ಹಾಕುವಾಗ ಮಾಸ್ತರು ವಿಜಯಲಕ್ಷ್ಮಿ ಅಂತ ಬರದ್ರು. ಗಂಗವ್ವ ಅನ್ನೋರು ಈಗ ಒಬ್ರೂ ಉಳದಿಲ್ಲ.” ಆ ನೋವಿನಲ್ಲೂ ಅವಳು ಸಣ್ಣಗೆ ನಕ್ಕಳು.

ಪಕ್ಕದಲ್ಲಿದ್ದ ಸಿಸ್ಟರ್ ಅಷ್ಟರಲ್ಲಿ, ಬರೆಯುವವರು ಎಲ್ಲವ್ವನನ್ನು ಎಲ್ಲಮ್ಮ ಮಾಡಿರುತ್ತಾರೆಂದು ಊಹಿಸಿ ಆ ಹೆಸರಿನಲ್ಲಿ, ಅವಳಿಂದ ಕೇಳಿ ಪಡೆದ ಅಪ್ಪನ ನಂಬರ್ ಹಾಕಿ ಹುಡುಕಿದರು. ದಾಖಲೆ ಇತ್ತು! ತೆರೆಯಲು ಓಟಿಪಿ ಬೇಕಿತ್ತು. ಓಟಿಪಿ ಹೋದದ್ದು ಆ ನಂಬರಿಗೇ. ಸಿಸ್ಟರ್ ಫೋನ್ ಹಚ್ಚಿದರೆ ಯಾರೋ ತೆಲುಗಿನಲ್ಲಿ ಗೊಣಗಿ, ರಾಂಗ್ ನಂಬರ್ ಎಂದು ಇಟ್ಟರು. ಅಪ್ಪ ತೀರಿಕೊಂಡ ಮೇಲೆ ಆ ನಂಬರ್ ಬೇರೆ ಯಾರಿಗೋ ಹೋಗಿತ್ತು. ಅಪ್ಪನ ನಂಬರಿನಲ್ಲಿ ಪರಕೀಯನ ದನಿ ಕೇಳಿ ಎಲ್ಲವ್ವನ ಕಣ್ಣು ತುಂಬಿದವು.

“ಹೋಗ್ಲಿ ಬಿಡು ಎಲ್ಲವ್ವಾ, ನೀನ ಹೇಳು. ಆವತ್ತು ಏನಾತು?”

“ಕೊಯ್ಯೂಕಿಂತ ಮೊದಲ ಒಂದು ಸೂಜಿ ಮಾಡಿದ್ರರೀ. ಮೈತುಂಬಾ ದದ್ದು ಎದ್ದು ಉಸಿರು ಕಟ್ತು, ಮುಂದಿಂದು ಎಚ್ಚರಿಲ್ಲ. ಈ ಸೂಜಿ ಮತ್ತ ಮಾಡಿದ್ರ ಜೀವ ಹೋಗ್ತದ ಅಂತ ಡಾಕ್ಟ್ರು ನಮ್ಮಪ್ಪಗ ಹೇಳಿದ್ರಂತ.”

“ಅಯ್ಯ, ಮತ್ತ ಇಷ್ಟೊತ್ತನ ಯಾಕ ಬಾಯಿ ಬಿಡಲಿಲ್ಲ?”

“ನಿಮ್ಮ ಕಂಪ್ಯೂಟರ್‌ಗೆ ಗೊತ್ತದ ಅಂದ್ಕೊಂಡಿದ್ನಿರೀ.”

ಆಪರೇಷನ್ನಿಗೆ ಮುಂಚೆ ಸೋಂಕು ತಡೆಯಲು ನಾವು ಎಲ್ಲರಿಗೂ ಕೊಡುವ ಆಂಟಿಬಯಾಟಿಕ್ ಇಂಜೆಕ್ಷನ್ ಟ್ರೇನಲ್ಲಿ ತಯಾರಾಗಿತ್ತು. ಅವಳಿಗೆ ಅಂದು ಆಗದೆ ಹೋದದ್ದು ಅದೇ ಇರಬಹುದು. ಖಚಿತ ಹೆಸರು ಬೀಗ ಹಾಕಿದ ದಾಖಲೆಯೊಳಗಿತ್ತು. ಕಾಯುವ ಸಮಯವಿರಲಿಲ್ಲ. ಸಂಶಯದ ಗುಂಪಿನ ಔಷಧಿಗಳನ್ನೆಲ್ಲ ಬದಿಗಿಟ್ಟು ಬೇರೆ ಗುಂಪಿನದನ್ನು ತರಿಸಿದೆ. ಅರಿವಳಿಕೆ ವೈದ್ಯರು ತುರ್ತು ಔಷಧಿಗಳನ್ನು ಕೈಯಳತೆಯಲ್ಲಿಟ್ಟುಕೊಂಡು ನಿಂತರು. ಸಿರಿಂಜು ಹಿಡಿದ ಸಿಸ್ಟರ್ ನನ್ನ ಮುಖ ನೋಡಿದರು, ನಾನು ಎಲ್ಲವ್ವನ ಮುಖ ನೋಡುತ್ತಿದ್ದೆ. ಏನೂ ಆಗಲಿಲ್ಲ. ಹೆಣ್ಣು ಮಗು, ಹುಟ್ಟುತ್ತಲೇ ಕೋಣೆ ಹಾರಿಹೋಗುವಂತೆ ಕಿರುಚಿತು. ಅಂಥ ಸವಿಯಾದ ಕಿರುಚಾಟ ನಾನು ಮತ್ತೆ ಕೇಳಿಲ್ಲ.

ಅವಳ ದಾಖಲೆ ಸರಿಪಡಿಸಲು ಕೂತರೆ ಎರಡನೇ ಹೆಸರಿಗೆ ಕಾಲಮ್ಮೇ ಇಲ್ಲ. ಷರಾದಲ್ಲಿ ತವರಿನ ಹೆಸರು, ಆದ ಅಪಾಯ ಎಲ್ಲ ಟೈಪು ಮಾಡಿದೆ. ಅಂದಿನಿಂದ ಪ್ರತಿ ಹೆಣ್ಣುಮಗಳನ್ನೂ ತವರಿನ ಹೆಸರು ಕೇಳತೊಡಗಿದೆ. ಮಾತಿಗೆ ಹೊತ್ತು ಹಿಡಿದು ದಿನದ ನನ್ನ ಎಂಟ್ರಿಗಳು ಕಡಿಮೆಯಾದವು, ಮೀಟಿಂಗಿನಲ್ಲಿ ಬೈಸಿಕೊಂಡೆ. ಬೈಯಲಿ ಬಿಡಿ, ಮರುದಿನವೂ ಕೇಳಿದೆ.

ಈಗ ನಿವೃತ್ತಳಾಗಿ ರಾಯಚೂರಿನಲ್ಲಿದ್ದೇನೆ. ಬಿಪಿ ತೋರಿಸಲು ಹೋದರೆ ಚಿಕ್ಕ ವಯಸ್ಸಿನ ಡಾಕ್ಟರ್ ಪರದೆಯಿಂದ ಕಣ್ಣು ಕೀಳದೆ “ನಿಮ್ದೆಲ್ಲಾ ಇದರಾಗ ಬಂದದ ಮೇಡಂ” ಎನ್ನುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಹೊರಗಿನ ಪಾಳಿ ಎಷ್ಟುದ್ದ ಎಂಬುದು ನನಗೆ ಗೊತ್ತು. ದಾಖಲೆ ಬೇಕೇ ಬೇಕು. ಆದರೆ ಅದು ತುಂಬಿದೆ ಎಂದು ಎದುರಿಗೆ ಕೂತವರನ್ನು ಕೇಳುವುದು ಬಿಟ್ಟರೆ ನಾವು ಡಾಕ್ಟರಾಗಿ ಉಳಿಯುವುದಿಲ್ಲ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಎಲ್ಲವ್ವ ಡಿಸ್ಚಾರ್ಜ್ ಆದ ದಿನ ಅತ್ತೆ ಮಗುವನ್ನೆತ್ತಿಕೊಂಡು ಮುಂದೆ ನಡೆದಿದ್ದರು. ಇವಳು ಬಾಗಿಲಲ್ಲಿ ನಿಂತು, ಅವರಿಗೆ ಕೇಳದಷ್ಟು ಮೆಲ್ಲಗೆ “ಬರ್ತೀನ್ರೀ, ಗಂಗವ್ವಾರ” ಎಂದಳು. ಆಮೇಲೆ ನನ್ನನ್ನು ಯಾರೂ ಹಾಗೆ ಕರೆದಿಲ್ಲ.