ಮಾಳಿಗೆಯ ಮೇಲೆ ಒಂದು ಕೂಗು

ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಪಲ್ಝೋಮಳ ತಲೆ ಬೋಳಿಸಿ ಕೆಂಪು ಬಟ್ಟೆ ಉಡಿಸಿದರು. ಮನೆಯಲ್ಲಿ ಹೆಣ್ಣು ಒಂದು ಹೆಚ್ಚಾಗಿತ್ತು, ಸಗಣಿ ಹೊರುವ ಕೈ ಒಂದು ಕಮ್ಮಿಯಿತ್ತು. ಸನ್ಯಾಸಿನಿ ಮಾಡಿದರೆ ಎರಡೂ ಸರಿಹೋಗುತ್ತವೆ. ಮದುವೆ ಮಾಡುವ ತಾಪತ್ರಯವಿಲ್ಲ, ಕೂಲಿ ಕೊಡುವ ಮಾತಿಲ್ಲ, ಮೇಲೆ ಮನೆತನಕ್ಕೆ ಪುಣ್ಯ ಬೇರೆ. ಹಿಮಾಲಯದ ಸ್ಪಿತಿಯ ಆ ಊರಿನಲ್ಲಿ ಎಲ್ಲರೂ ಅವಳನ್ನು ಚೋಮೋ ಎಂದು ಗೌರವದಿಂದಲೇ ಕರೆದರು. ಕರೆದದ್ದೆಲ್ಲ ಕೆಲಸಕ್ಕೆ.

ಅದೇ ಕೆಂಪು ಬಟ್ಟೆಯನ್ನು ಅಣ್ಣನ ಮಗ ಗೆಲೆಕ್‌ಗೆ ಉಡಿಸಿದಾಗ ಅವನನ್ನು ಬಸ್ಸು ಹತ್ತಿಸಿ, ದೂರದ ಮುಂಡಗೋಡಿನ ಮಠಕ್ಕೆ ಓದಲು ಕಳಿಸಿದರು. ಬಟ್ಟೆಯ ಬಣ್ಣ ಒಂದೇ. ಅವನ ಕೈಗೆ ಓದುವ ಪೋಥಿ ಬಂತು, ಇವಳ ಕೈಗೆ ಬುಟ್ಟಿ. ಪಲ್ಝೋಮಳಿಗೆ ಇವತ್ತಿಗೂ ಒಂದಕ್ಷರ ಓದಲು ಬರುವುದಿಲ್ಲ. ಬರುವ ಮಂತ್ರಗಳನ್ನೆಲ್ಲ ಅವಳು ಹಾಲು ಕರೆಯುತ್ತ, ಬಾರ್ಲಿ ಹುರಿಯುತ್ತ, ಬೇರೆಯವರ ಬಾಯಿಂದ ಕೇಳಿ ಕಲಿತದ್ದು.

ಅವಳಿಗಿದ್ದದ್ದು ಒಂದೇ ಆಸೆ. ಹೊಸ ವರ್ಷದ ಹಬ್ಬ ಕಳೆದ ಮೇಲೆ ಊರ ಬೌದ್ಧ ಗುಡಿಯಾದ ಗೊಂಪದಲ್ಲಿ ನ್ಯುಂಗ್ನೆ ವ್ರತಕ್ಕೆ ಕೂರುತ್ತಾರೆ. ಮೊದಲ ದಿನ ಒಪ್ಪತ್ತು. ಮರುದಿನ ಅನ್ನವಿಲ್ಲ, ನೀರಿಲ್ಲ, ಮಂತ್ರ ಬಿಟ್ಟರೆ ಬಾಯಲ್ಲಿ ಮಾತಿಲ್ಲ. ಆ ಮೌನದ ದಿನವನ್ನು ಒಂದು ಬೆಳಗಿನಿಂದ ಇನ್ನೊಂದು ಬೆಳಗಿನವರೆಗೆ ಒಮ್ಮೆಯಾದರೂ ಒಡೆಯದೆ ದಾಟಬೇಕು. ಇಷ್ಟನ್ನೂ ಮನೆ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ. ಒಂದು ವರ್ಷ ಅತ್ತಿಗೆ ಯಾಂಗ್‌ಕಿತ್‌ಗೆ ಹೆರಿಗೆ. ಒಂದು ವರ್ಷ ಕುರಿಗಳಿಗೆ ಕಾಯಿಲೆ. ಇನ್ನೊಂದು ವರ್ಷ ಅಣ್ಣ ಅಂಗ್ದುಯಿ ಗೊಂಪದ ಬಾಗಿಲಿಗೇ ಬಂದು, "ಚೋಮೋ, ಹಿಟ್ಟಿನ ಕೋಣೆ ಬೀಗದ ಕೈ ಎಲ್ಲಿಟ್ಟಿದ್ದೀಯೇ?" ಎಂದು ಕೂಗಿದ್ದ. ಇವಳು "ಒಲೆ ಮೇಲಿನ ಗೂಡಲ್ಲಿ" ಎಂದುಬಿಟ್ಟಿದ್ದಳು. ಗೊಂಪದಲ್ಲಿ ಕೂತ ಹೆಂಗಸರೆಲ್ಲ ಬಾಯಿ ಬಿಡುವ ಹಾಗಿಲ್ಲದೆ ಭುಜ ಕುಣಿಸಿ ನಕ್ಕಿದ್ದರು.

ಈ ವರ್ಷ ಮಂಡಿ ಸೋತಿದೆ. ದೀರ್ಘದಂಡ ಹಾಕಿ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಮುಂದಿನ ವರ್ಷ ಕೂರಲಾಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ವ್ರತ ನಡೆಸಲು ಮುಂಡಗೋಡಿನಿಂದ ಗೆಲೆಕನೇ ಬಂದಿದ್ದ. ನಮ್ಮ ಹುಡುಗನೇ ಇದ್ದಾನೆ, ಈ ಸಲ ಯಾರೂ ಕರೆಯಲಾರರು ಎಂದುಕೊಂಡಳು.

ಮೌನದ ದಿನ ಬೆಳಗಾಗುವಷ್ಟರಲ್ಲಿ ಹಿಮ ಹಿಡಿದುಕೊಂಡಿತ್ತು. ಬೆಳಗಿನ ದಂಡ ಮುಗಿಸಿ ಕೂತಾಗ ಯಾಂಗ್‌ಕಿತ್ ಹೆಗಲ ತುಂಬ ಹಿಮ ಹೊತ್ತು ಬಾಗಿಲಲ್ಲಿ ನಿಂತಳು.

"ತಪ್ಪು ತಿಳೀಬೇಡ ಚೋಮೋ. ದೇವರ ಕೋಣೆ ಸೋರ್ತಾ ಇದೆ, ತೊಲೆ ಕಿರ್ ಅಂತಿದೆ. ನಾನೇ ಮಾಳಿಗೆ ಹತ್ತಿ ಹಿಮ ಗೋರೋಣ ಅಂದ್ರೆ ಹಸು ಈಯ್ತಾ ಇದೆ, ಕರು ಅಡ್ಡ ತಿರುಗಿದೆ. ನಿಮ್ಮಣ್ಣನಿಗೋ ಸೊಂಟ."

ಅಂಗ್ದುಯಿಯ ಸೊಂಟದ ವಿಷಯ ಊರಿಗೇ ಗೊತ್ತು. ಇಸ್ಪೀಟಿಗೆ ಕೂತರೆ ಸಂಜೆಯವರೆಗೂ ಅದು ನೋಯುವುದಿಲ್ಲ.

ಪಲ್ಝೋಮ್ ಗೆಲೆಕನ ಕಡೆ ನೋಡಿದಳು. ಗಟ್ಟಿಮುಟ್ಟಾದ ತೋಳು, ಗಟ್ಟಿಮುಟ್ಟಾದ ಬೆನ್ನು. ಮಾಳಿಗೆಯೂ ಅವನಪ್ಪನದೇ. ವ್ರತ ನಡೆಸುವವನಿಗೆ ಮಾತಾಡುವ ಅಪ್ಪಣೆಯಿದೆ. ಸೋದರತ್ತೆಯನ್ನು ಅವನು ಆನೀ ಎಂದೇ ಕರೆಯುವುದು. ಮೆಲ್ಲಗೆ, ಬಹಳ ಪ್ರೀತಿಯಿಂದಲೇ ಹೇಳಿದ: "ಹೋಗಿ ಬಾ ಆನೀ. ಬಾಯಿ ಮುಚ್ಕೊಂಡು ಮಾಡಿದ್ರೆ ಕೆಲಸವೂ ಧ್ಯಾನವೇ."

ಈ ಮಾತು ಕೇಳಲು ಎಷ್ಟು ಚೆನ್ನಾಗಿದೆ! ಹೇಳುವವರ ಅಂಗೈ ಮುಟ್ಟಿ ನೋಡಿ, ಒಂದು ಬೊಕ್ಕೆಯಾದರೂ ಇದೆಯೇ? ಕೆಲಸ ಧ್ಯಾನವೆಂದು ಉಪದೇಶಿಸಿದವರು ಆ ಧ್ಯಾನವನ್ನು ಯಾವಾಗಲೂ ಮನೆಯ ಹೆಂಗಸಿಗೇ ಯಾಕೆ ಬಿಟ್ಟುಕೊಡುತ್ತಾರೆ?

ಪಲ್ಝೋಮ್ ಎದ್ದು ಹೋದಳು. ಹೋಗದೆ ಇನ್ನೇನು ಮಾಡುತ್ತಾಳೆ? ಕರು ಸತ್ತರೂ ಪಾಪ, ತೊಲೆ ಮುರಿದರೂ ಪಾಪ.

ಆದರೆ ಒಂದು ಎಚ್ಚರಿಕೆ ಇಟ್ಟುಕೊಂಡಳು. ಆ ಊರಿನ ಮಣ್ಣಿನ ಮಾಳಿಗೆಗಳ ನಡುವೆ ಇರುವುದು ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ. ಮೇಲಿನಿಂದ ಹಿಮ ತಳ್ಳುವ ಮೊದಲು "ಹೋಯ್" ಎಂದು ಕೂಗಲೇಬೇಕು. ಕೂಗದೆ ತಳ್ಳಿದವರ ಮನೆಗೆ ಅಕ್ಕಪಕ್ಕದವರು ಬೆಂಕಿ ಕೇಳಲೂ ಬರುವುದಿಲ್ಲ. ಇವತ್ತು ಕೂಗುವಂತಿಲ್ಲ. ಅದಕ್ಕೆ ಅಡುಗೆಮನೆಯಿಂದ ಹಳೆಯ ತಗಡಿನ ತಟ್ಟೆ, ಸೌಟು ತೆಗೆದುಕೊಂಡು ಏಣಿ ಹತ್ತಿದಳು. ಒಲೆಯ ಬದಿಯಲ್ಲಿ ಮಲಗಿದ್ದ ಅಂಗ್ದುಯಿ, "ಏನೇ ಚೋಮೋ, ಮಾಳಿಗೆ ಮೇಲೆ ಊಟಾನಾ? ಇವತ್ತು ಉಪವಾಸ ಅಲ್ವಾ?" ಎಂದು ನಕ್ಕ.

ಮರದ ಸಲಿಕೆ ಹಿಡಿದು ಗೋರತೊಡಗಿದಳು. ಗೋರುವುದು, ಅಂಚಿಗೆ ನೂಕುವುದು, ಸಲಿಕೆ ಊರಿ ತಟ್ಟೆ ಬಡಿಯುವುದು, ಬಗ್ಗಿ ನೋಡುವುದು, ತಳ್ಳುವುದು. ಮತ್ತೆ ಗೋರುವುದು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿತ್ತು. ಸುತ್ತಲೂ ನೀರೇ ಬೀಳುತ್ತಿದೆ, ಕುಡಿಯುವಂತಿಲ್ಲ. ತುಟಿಗೆ ಬಂದು ಕೂತ ಹಿಮವನ್ನೂ ತೋಳಿನಿಂದ ಒರೆಸಿಕೊಂಡಳು.

ಜರಡಿ ಹಿಡಿದ ಹಿಟ್ಟಿನಂತೆ ಹಿಮ ಸಣ್ಣಗೆ, ಬಿಡದೆ ಬೀಳುತ್ತಿತ್ತು. ಎದುರಿನ ಬೆಟ್ಟ ಹೋಯಿತು. ಗೊಂಪ ಹೋಯಿತು. ಪಕ್ಕದ ಮಾಳಿಗೆಯ ಬಾವುಟಗಳೂ ಹೋದವು. ಹಿಂತಿರುಗಿ ನೋಡಿದರೆ ಗೋರಿದ ಜಾಗವೆಲ್ಲ ಮತ್ತೆ ಬೆಳ್ಳಗಾಗಿತ್ತು. ಬೇರೆ ದಿನವಾಗಿದ್ದರೆ ಶಾಪ ಹಾಕುತ್ತಿದ್ದಳು. ಇವತ್ತು ಶಾಪ ಹಾಕುವ ಬಾಯಿಯೂ ಇಲ್ಲ. ಸುಮ್ಮನೆ ನೋಡಿದಳು. ಗೋರಿದ್ದೂ ಬಿಳಿ, ಗೋರದ್ದೂ ಬಿಳಿ. ಬೀಳುವುದಕ್ಕೆ ಅವಸರವಿಲ್ಲ, ಬೇಸರವಿಲ್ಲ. ಅವಳ ಸಲಿಕೆಗೂ ಅವಸರ ಹೋಯಿತು. ಮಂಡಿ ಎಲ್ಲೋ ದೂರದಲ್ಲಿ, ಬೇರೆ ಯಾರದೋ ಮಂಡಿಯ ಹಾಗೆ ನೋಯುತ್ತಿತ್ತು. ಗೋರುತ್ತಿರುವುದು ತಾನೋ, ಯಾರಾದರೂ ತನ್ನ ಕೈಯಿಂದ ಗೋರಿಸುತ್ತಿದ್ದಾರೋ ತಿಳಿಯಲಿಲ್ಲ. ಗೋರುವುದು ನಡೆಯುತ್ತಿತ್ತು, ಹಿಮ ಬೀಳುವುದು ನಡೆಯುತ್ತಿತ್ತು, ಎರಡೂ ಒಂದೇ ಕೆಲಸವಾಗಿತ್ತು. ಅವಳ ಕೆನ್ನೆ ಬಿಸಿಯಾಯಿತು. ಅಳುತ್ತಿದ್ದಳು, ದುಃಖವೇನೂ ಇರಲಿಲ್ಲ. ಇದಕ್ಕೊಂದು ಹೆಸರು ಗೆಲೆಕನ ಪೋಥಿಯಲ್ಲಿ ಇದ್ದೇ ಇರುತ್ತದೆ. ಓದಲು ಅವಳಿಗೆ ಯಾರೂ ಕಲಿಸಲಿಲ್ಲ.

ಅಂಥ ಹೊತ್ತಿನಲ್ಲಿ ಸಲಿಕೆ ಮಾಳಿಗೆಯ ಅಂಚಿಗೆ ಬಂತು. ತಟ್ಟೆಯ ನೆನಪಾಗಲಿಲ್ಲ. ಯಾವುದರ ನೆನಪೂ ಇರಲಿಲ್ಲ.

"ಹೋಯ್! ಕೆಳಗ್ಯಾರು? ಸರೀರಿ!"

ಯಾರು ಕೂಗಿದ್ದು ಎಂದು ಅವಳೇ ತಿರುಗಿ ನೋಡಿದಳು. ಮಾಳಿಗೆಯ ಮೇಲೆ ಇನ್ನೊಬ್ಬರಿರಲಿಲ್ಲ. ಬಗ್ಗಿ ನೋಡಿದಳು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಚಿಕ್ಕಂದಿನಿಂದ ಇದೇ ಅಂಚಿನಲ್ಲಿ ಕೂಗಿ ಕೂಗಿ ಪಳಗಿದ ಬಾಯಿ, ಯಜಮಾನಿಯನ್ನು ಕೇಳದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಹಿಮ ಆ ಕೂಗನ್ನು ನುಂಗಿ, ಏನೂ ಆಗಿಲ್ಲವೆಂಬಂತೆ ಬೀಳುತ್ತಲೇ ಇತ್ತು. ಪಲ್ಝೋಮ್ ಬಾಯಿಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಕ್ಕರಿಸಿದಳು.

ಬೆಳಕಿಂಡಿಯಿಂದ ಅಣ್ಣನ ದನಿ ಬಂತು. "ಬಾಯಿ ಬಂತಲ್ಲೇ ಚೋಮೋ! ವ್ರತ ಹೆಂಗಿದ್ರೂ ಮುರೀತು, ಇಳಿದು ಬಂದು ಒಂಚೂರು ಟೀಗಿಡು."

ಅವಳು ಎದ್ದಳು. ಉಳಿದ ಹಿಮವನ್ನೆಲ್ಲ ತಟ್ಟೆ ಬಡಿದು ಬಡಿದೇ ತಳ್ಳಿದಳು. ಇಳಿದು ಟೀಗಿಟ್ಟಳು, ತಾನು ಮುಟ್ಟಲಿಲ್ಲ. ಕೊಟ್ಟಿಗೆಯಲ್ಲಿ ಕರು ಬದುಕಿತ್ತು. ಯಾಂಗ್‌ಕಿತ್ ರಕ್ತದ ಕೈಯಲ್ಲೇ ನಗುತ್ತ ತೋರಿಸಿದಳು. ಪಲ್ಝೋಮ್ ಕರುವಿನ ಒದ್ದೆ ನೆತ್ತಿಯನ್ನು ಸವರಿ ಗೊಂಪಕ್ಕೆ ವಾಪಸಾದಳು.

ಮರುದಿನ ಬೆಳಗ್ಗೆ ಗೆಲೆಕ್ ಸಾಲಾಗಿ ಕೂತವರ ಅಂಗೈಗೆ ಪವಿತ್ರ ನೀರು ಹಾಕುತ್ತ ಬಂದ. ಆ ಗುಟುಕಿನಿಂದಲೇ ವ್ರತ ಪೂರ್ತಿಯಾಗುವುದು. ಪಲ್ಝೋಮ್ ಕೈ ಚಾಚಲಿಲ್ಲ.

"ಯಾಕೆ ಆನೀ?"

"ಕೂಗಿದೆ. ಮಾಳಿಗೆ ಮೇಲೆ."

"ಗೊತ್ತಿದ್ದು ಕೂಗಿದ್ಯಾ?"

"ಗೊತ್ತಿಲ್ದೆ."

"ಹಾಗಿದ್ರೆ ಅದು ಲೆಕ್ಕಕ್ಕಿಲ್ಲ. ಹಿಡಿ."

"ನಿನ್ನ ಲೆಕ್ಕಕ್ಕಿಲ್ಲ ಕಣೋ. ನಾನು ಕೇಳಿಸ್ಕೊಂಡ್ನಲ್ಲ." ಇನ್ನೂ ಏನೋ ಹೇಳಲು ನೋಡಿದಳು. ಕೂಗುವ ಮೊದಲು ಆದದ್ದನ್ನು ಹೇಳಬೇಕಿತ್ತು. "ಗೆಲೆಕ್, ಅದಕ್ಕೆ ಮುಂಚೆ, ಹಿಮ ಗೋರ್ತಾ ಗೋರ್ತಾ..." ಎಂದಳು. ಮುಂದೆ ಮಾತು ಸಿಗಲಿಲ್ಲ. ಅವನು ನೀರಿನ ಪಾತ್ರೆ ಹಿಡಿದು ಕಾಯುತ್ತಿದ್ದ. ಹಿಂದಿನ ಸಾಲಿನವರು ಒಣಗಿದ ತುಟಿ ನೆಕ್ಕುತ್ತ ಕಾಯುತ್ತಿದ್ದರು.

"ಏನಾಯ್ತು ಆನೀ?"

"ಏನಿಲ್ಲ. ಸೋರೋದು ನಿಂತಿದೆ ಅಂದೆ."

ಅವನು ಸಮಾಧಾನದಿಂದ ತಲೆಯಾಡಿಸಿ ಮುಂದಿನ ಅಂಗೈಗೆ ನೀರು ಹಾಕಿದ.

ವ್ರತ ಮುಗಿಸಿದವರು ಕುಡಿದ ಗಂಜಿಯ ಪಾತ್ರೆಗಳನ್ನು ತೊಳೆದಿಟ್ಟು ಹೊರಗೆ ಬಂದಾಗ ಹಿಮ ಇನ್ನೂ ಬೀಳುತ್ತಿತ್ತು. ಮನೆಗೆ ಹೋಗಿ ಏಣಿ ಹತ್ತಿದಳು. ತಟ್ಟೆ ಸೌಟುಗಳು ಹಿಮದಡಿ ಎಲ್ಲೋ ಹೂತಿದ್ದವು, ಇವತ್ತು ಅವು ಬೇಕಾಗಿಯೂ ಇರಲಿಲ್ಲ. ಗೋರುತ್ತ, ನಿನ್ನೆ ಬಂದದ್ದು ಮತ್ತೆ ಬರುತ್ತದೇನೋ ಎಂದು ಆಗಾಗ ನಿಂತು ನೋಡಿದಳು. ಮಂಡಿ ತನ್ನದೇ ಮಂಡಿಯಾಗಿ ಚೆನ್ನಾಗಿ ನೋಯುತ್ತಿತ್ತು. ಅಂಚಿಗೆ ಬಂದಳು. ಕೆಳಗೆ ಯಾಂಗ್‌ಕಿತ್ ಕೊಡ ಹೊತ್ತು ಬರುತ್ತಿದ್ದಳು.

"ಹೋಯ್!" ಎಂದು ಪಲ್ಝೋಮ್ ಕೂಗಿದಳು.

ಯಾಂಗ್‌ಕಿತ್ ಗೋಡೆಗೆ ಒರಗಿ ನಿಂತಳು. ಹಿಮ ಬಿತ್ತು.