ಎಂಜಿನ್ ಯಾಕೆ ನಿಂತಿತು ಎಂಬ ಜಗಳ

ದೂರದ ಊರಿನಲ್ಲಿ ವಿಮಾನವೊಂದು ಮೇಲೇರುತ್ತಲೇ ಬಿದ್ದ ಮರುದಿನ ಜಯನಗರದ ಪಾರ್ಕಿನಲ್ಲಿ ನನ್ನ ಬೆಲೆ ಇದ್ದಕ್ಕಿದ್ದಂತೆ ಏರಿತು. ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಶೆಡ್ಡಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಮ್ಮ ವಾಕಿಂಗ್ ಗುಂಪಿನಲ್ಲಿ ನಾನೊಬ್ಬನೇ. ಎಲ್ಲರೂ ನನ್ನನ್ನೇ ಕೇಳಿದರು. ನಾನೂ ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ: "ಎರಡು ಎಂಜಿನ್ನೂ ಒಟ್ಟಿಗೆ ನಿಲ್ಬೇಕು ಅಂದ್ರೆ ಇಂಧನದಲ್ಲಿ ನೀರು ಸೇರಿರ್ಬೇಕು."

ಕರೆಂಟ್ ಆಫೀಸಿನಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗೆಳೆಯ ಒಪ್ಪಲಿಲ್ಲ. "ಅದೇ ಟ್ಯಾಂಕರಿಂದ ತುಂಬಿಸ್ಕೊಂಡ ಬೇರೆ ವಿಮಾನಗಳು ಹೇಗೆ ಹಾರಿದ್ವು? ವಿಡಿಯೋ ನೋಡು, ಚಕ್ರಾನೇ ಒಳಗೆ ಹೋಗಿಲ್ಲ. ಕರೆಂಟ್ ಹೋಗಿದೆ ಗುರು."

"ಕರೆಂಟ್ ಹೋದ್ರೆ ಎಂಜಿನ್ ನಿಲ್ಲಲ್ಲ ಕಣೋ. ಅದಕ್ಕೆ ಅದರದ್ದೇ ಸಣ್ಣ ಜನರೇಟರ್ ಇರತ್ತೆ."

"ಮತ್ತೆ ಯಾಕೆ ನಿಂತ್ಹೋಯ್ತು?"

ನಾನು ಶೂ ಲೇಸ್ ಬಿಗಿದುಕೊಂಡು ಇನ್ನೊಂದು ಸುತ್ತು ಹೊರಟೆ. ಮರುದಿನ ಹಕ್ಕಿ ಬಡಿದಿರಬೇಕು ಅಂದೆ. ಅದರ ಮರುದಿನ, ಮೇಲೇರುವಾಗ ರೆಕ್ಕೆಯ ಹಿಂದೆ ಇಳಿಬಿಡುವ ಫ್ಲಾಪ್ ಇಳಿಸಿರಲಿಲ್ಲವೇನೋ ಅಂದೆ. ನಾಲ್ಕನೆಯ ದಿನ ಗೆಳೆಯ, "ರಿಪೇರಿ ಮಾಡೋರು ಸರಿಯಾಗಿ ನೋಡಿಲ್ಲ, ಅಷ್ಟೇ" ಎಂದು ತೀರ್ಪು ಕೊಟ್ಟ. ನನಗೆ ಸಿಟ್ಟು ಬಂತು. ಆದರೆ ಹಾಗಿರಲಿಕ್ಕಿಲ್ಲ ಎಂಬ ಖಾತ್ರಿಯೂ ನನಗಿರಲಿಲ್ಲ.

ಪಾರ್ಕಿನ ಗೇಟಿನ ಬಳಿ ರಾಗಿ ಅಂಬಲಿ ಮಾರುವ ಹೆಂಗಸು ನಮಗೆ ಲೋಟ ಕೊಡುತ್ತ ಈ ಮಾತು ಕೇಳಿಸಿಕೊಂಡರು. ಗೆಳೆಯ ಹೋದ ಮೇಲೆ ನನ್ನನ್ನು ಕರೆದು, "ಸಾರ್, ನನ್ ಮಗಳು ಏರ್‌ಪೋರ್ಟಲ್ಲಿ ವಿಮಾನ ಚೆಕ್ ಮಾಡೋ ಕೆಲ್ಸದಲ್ಲಿದ್ದಾಳೆ. ಆ ಸುದ್ದಿ ಬಂದಾಗಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ನೀವೊಂದು ಮಾತು ಹೇಳಿ" ಅಂದರು.

ಭಾನುವಾರ ಅವಳು ಗೊಟ್ಟಿಗೆರೆಯಿಂದ ಅಮ್ಮನ ಜೊತೆ ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ನಾನು ಇಂಧನ, ಹಕ್ಕಿ, ಫ್ಲಾಪು ಎಲ್ಲವನ್ನೂ ವಿವರಿಸಿ ಧೈರ್ಯ ಹೇಳಲು ಸಿದ್ಧನಾಗಿದ್ದೆ. ಅವಳು ಕಾರಣ ಕೇಳಲೇ ಇಲ್ಲ.

"ಅಂಕಲ್, ಚೆಕ್ ಮಾಡಿ ಸೈನ್ ಹಾಕಿ ಮನೆಗೆ ಹೋದ್ಮೇಲೆ ನಿಮಗೆ ನೆಮ್ಮದಿ ಇರ್ತಿತ್ತಾ?"

ಹೌದು ಎನ್ನಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ. ಒಂದು ಸಂಜೆ ಬನಶಂಕರಿಯಲ್ಲಿ ಬಸ್ಸಿಳಿದ ಮೇಲೆ, ಸ್ಪ್ಯಾನರನ್ನು ಎಂಜಿನ್ನಿನೊಳಗೇ ಬಿಟ್ಟೆನೇನೋ ಎಂಬ ಅನುಮಾನ ಹತ್ತಿ, ಇನ್ನೊಂದು ಬಸ್ ಹಿಡಿದು ಶೆಡ್ಡಿಗೆ ವಾಪಸ್ ಹೋಗಿದ್ದೆ. ಸ್ಪ್ಯಾನರ್ ಅದರ ಮೊಳೆಯಲ್ಲೇ ನೇತಾಡುತ್ತಿತ್ತು. ಮೂರು ಸಲ ಮುಟ್ಟಿ ನೋಡಿದೆ. ಮನೆ ಸೇರಿದ ಮೇಲೆ ಮತ್ತೆ ಅನುಮಾನ. ಹೆಂಡತಿಗೂ ಹೇಳಿರದ ಈ ಸಂಗತಿಯನ್ನು ಆ ಹುಡುಗಿಗೆ ಹೇಳಿದೆ.

"ಹಾಗಾದ್ರೆ ಈ ಭಯ ಹೋಗಲ್ವಾ?"

"ನನಗಂತೂ ಹೋಗ್ಲಿಲ್ಲಮ್ಮ. ಅದು ಒಳ್ಳೇದೋ ಕೆಟ್ಟದ್ದೋ, ಅದೂ ಗೊತ್ತಿಲ್ಲ."

ತಾಯಿ ನನ್ನನ್ನು ಬೇಸರದಿಂದ ನೋಡಿದರು. ಇದಕ್ಕಾ ಕರೆದದ್ದು ಎನ್ನುವಂತಿತ್ತು ಮುಖ. ಹುಡುಗಿ ಮಾತ್ರ ಅಂಬಲಿ ಲೋಟ ಎತ್ತಿಕೊಂಡು ಪೂರ್ತಿ ಕುಡಿದಳು. "ನಾನೂ ಎರಡು ಸಲ ಹಂಗೇ ವಾಪಸ್ ಹೋಗಿದ್ದೆ ಅಂಕಲ್. ನನಗೊಬ್ಬಳಿಗೇ ಹಿಂಗಾಗೋದು ಅನ್ಕೊಂಡಿದ್ದೆ" ಎಂದಳು. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದಳಂತೆ.

ಕೆಲವು ವಾರಗಳ ನಂತರ ತನಿಖೆಯ ಮೊದಲ ವರದಿ ಬಂತು. ಗೆಳೆಯನೂ ನಾನೂ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಎರಡು ಸಲ ಓದಿದೆವು. ಏನಾಯಿತೆಂದು ಅದರಲ್ಲಿತ್ತು, ಯಾಕೆ ಆಯಿತೆಂದು ಇರಲಿಲ್ಲ. ಅವನಿಗೆ ಅಲ್ಲಿ ತನ್ನ ವಾದ ಕಾಣಿಸಿತು, ನನಗೆ ನನ್ನದು. ಮೂರನೆಯ ಸಲ ಓದುವಾಗ ಅವನು ಹೇಳಿದಂತೆ ಕರೆಂಟೇ ಹೋಗಿರಬಹುದು ಅನ್ನಿಸಿತು. ಒಪ್ಪಿಕೊಳ್ಳೋಣವೆಂದರೆ ಅಷ್ಟರಲ್ಲಿ ಅವನು, "ನೀನಂದಂಗೆ ಇಂಧನದಲ್ಲಿ ನೀರೇ ಸೇರಿರ್ಬೇಕು ಕಣೋ" ಅನ್ನತೊಡಗಿದ್ದ.